ಥರ್ಮೋಸ್ಟ್ಯಾಟ್ ಎಂಬ ದ್ವಾರಪಾಲಕ

ಬೇಸಿಗೆಯ ರಜೆ ಹತ್ತಿರ ಬಂದಿತೆಂದರೆ ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಏಳುತ್ತದೆ. ಹಿಂದೆ ರೈಲಿನ ಟಿಕೀಟು, ಹಾಸಿಗೆಯ ಸುರುಳಿ, ಕೂಜದ ನೀರು, ಇಷ್ಟಾದರೆ ಪ್ರಯಾಣದ ಸಿದ್ಧತೆ ಮುಗಿದಂತೆಯೇ. ಈಗ ಅನೇಕ ಸಂಸಾರಗಳು ಸ್ವಂತ ಕಾರಿನಲ್ಲಿ ಹೊರಡುತ್ತವೆ. ಅಜ್ಜಿಗೆ ಔಷಧಿಯ ಚೀಲ, ಮಕ್ಕಳಿಗೆ ಚಕ್ಕುಲಿಯ ಡಬ್ಬ, ಟೈರುಗಳಿಗೆ ಗಾಳಿ, ಎಲ್ಲವೂ ನೆನಪಿಗೆ ಬರುತ್ತವೆ. ಆದರೆ ಘಟ್ಟದ ನಡುವೆ ಕಾರು ನಿಲ್ಲದಂತೆ ಕಾಯುವ, ಅಂಗೈಯಲ್ಲಿ ಅಡಗುವಷ್ಟು ಸಣ್ಣದೊಂದು ಭಾಗವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಅದರ ಹೆಸರು ಥರ್ಮೋಸ್ಟ್ಯಾಟ್. ಈ ಸಲದ ನಮ್ಮ ಅಂಕಣ ಅದಕ್ಕೇ ಮೀಸಲು.

ಕಾರಿನ ಇಂಜಿನನ್ನು ತಂಪಾಗಿಡುವ ನೀರಿಗೆ ಎರಡು ದಾರಿಗಳಿವೆ. ಒಂದು ಇಂಜಿನಿನೊಳಗೇ ಸುತ್ತಿ ಬರುವ ಕಿರುದಾರಿ. ಇನ್ನೊಂದು ಮುಂಭಾಗದ ರೇಡಿಯೇಟರಿಗೆ ಹೋಗಿ, ಗಾಳಿಗೆ ತಂಪಾಗಿ ಮರಳುವ ಹೆದ್ದಾರಿ. ಈ ಹೆದ್ದಾರಿಯ ಬಾಗಿಲಲ್ಲಿ ನಿಂತ ದ್ವಾರಪಾಲಕನೇ ಥರ್ಮೋಸ್ಟ್ಯಾಟ್. ಇಂಜಿನು ತಣ್ಣಗಿರುವಾಗ ಅದು ಬಾಗಿಲು ಮುಚ್ಚಿರುತ್ತದೆ; ನೀರು ಒಳಗೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಸಾಕಷ್ಟು ಬಿಸಿಯಾದೊಡನೆ ಬಾಗಿಲು ತೆರೆಯುತ್ತದೆ. ಎಷ್ಟು ಬಿಸಿಯಾದರೆ ತೆರೆಯಬೇಕೆಂಬ ಅಂಕೆಯನ್ನು ಸಾಮಾನ್ಯವಾಗಿ ಅದರ ಲೋಹದ ಮೇಲೆಯೇ ಒತ್ತಿರುತ್ತಾರೆ. ೮೨ ಅಥವಾ ೮೮ ಡಿಗ್ರಿ ಸೆಲ್ಸಿಯಸ್ ಎಂಬ ಅಂಕೆಗಳು ಹೆಚ್ಚಾಗಿ ಕಾಣುತ್ತವೆ.

ಈ ಕಾವಲುಗಾರನಿಗೆ ವಿದ್ಯುತ್ತೂ ಬೇಡ, ಸಂಬಳವೂ ಬೇಡ. ಅದರ ಹೊಟ್ಟೆಯಲ್ಲಿರುವುದು ಒಂದಿಷ್ಟು ಮೇಣ. ಮೇಣ ಕರಗಿದಾಗ ಹಿಗ್ಗುತ್ತದೆ. ಹಿಗ್ಗಿದ ಮೇಣ ಒಂದು ಸಣ್ಣ ಕಡ್ಡಿಯನ್ನು ನೂಕುತ್ತದೆ, ಕಡ್ಡಿಯ ಬಲದಿಂದ ಬಾಗಿಲು ತೆರೆಯುತ್ತದೆ. ತಣಿದಾಗ ಮೇಣ ಕುಗ್ಗುತ್ತದೆ, ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ಈ ಮೇಣದ ಉಪಾಯವನ್ನು ೧೯೩೪ರಲ್ಲಿ ಕಂಡುಹಿಡಿದವನು ಸರ್ಜಿಯಸ್ ವರ್ನೆಟ್. ಅದಕ್ಕೂ ಹಿಂದಿನ ಥರ್ಮೋಸ್ಟ್ಯಾಟುಗಳಲ್ಲಿ ಬೇಗ ಆವಿಯಾಗುವ ದ್ರವವನ್ನು ತುಂಬಿದ ತಿದಿಯಂಥ ಕೊಳವೆ ಇರುತ್ತಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ತೊಡೆಯಬೇಕು. “ನಮ್ಮದು ಬಿಸಿಲಿನ ದೇಶ, ಇಲ್ಲಿ ಇದೇಕೆ ಬೇಕು? ಕಿತ್ತು ಬಿಸಾಡಿ ಸ್ವಾಮಿ, ಇಂಜಿನು ತಂಪಾಗಿರುತ್ತದೆ” ಎಂದು ಉಪದೇಶಿಸುವ ಮೇಸ್ತ್ರಿಗಳು ಹಿಂದೆ ಬಹಳ ಮಂದಿ ಇದ್ದರು, ಈಗಲೂ ಇಲ್ಲದಿಲ್ಲ. ಲೆಕ್ಕ ಹಾಕಿ ನೋಡೋಣ. ಚೆನ್ನೈಯ ಕಡುಬೇಸಗೆ ೪೦ ಡಿಗ್ರಿ ಎಂದಿಟ್ಟುಕೊಳ್ಳಿ. ಇಂಜಿನು ಸುಖವಾಗಿ ಕೆಲಸ ಮಾಡುವುದು ಸುಮಾರು ೯೦ ಡಿಗ್ರಿಯಲ್ಲಿ. ನಮ್ಮನ್ನು ಬೇಯಿಸುವ ಬಿಸಿಲು ಇಂಜಿನಿನ ಪಾಲಿಗೆ ಇನ್ನೂ ೫೦ ಡಿಗ್ರಿ ಕಡಿಮೆಯೇ! ತಣ್ಣನೆಯ ಇಂಜಿನು ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಅದರ ಎಣ್ಣೆ ಸರಿಯಾಗಿ ತೆಳುವಾಗದೆ, ಅದರಲ್ಲಿ ಸೇರಿದ ನೀರಿನ ಪಸೆ ಆರದೆ, ಒಳಗಿನ ಭಾಗಗಳು ಬೇಗ ಸವೆಯುತ್ತವೆ. ಅಷ್ಟೇ ಅಲ್ಲ, ಅನೇಕ ಇಂಜಿನುಗಳಲ್ಲಿ ಹೆದ್ದಾರಿ ತೆರೆಯುವಾಗ ಕಿರುದಾರಿಯನ್ನು ಮುಚ್ಚುವ ಕೆಲಸವೂ ಥರ್ಮೋಸ್ಟ್ಯಾಟಿನದೇ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆ ಅಲ್ಲಲ್ಲೇ ಸುತ್ತಿ, ಘಟ್ಟ ಹತ್ತುವಾಗ ಇಂಜಿನು ಹೆಚ್ಚೇ ಕಾಯಬಹುದು. ಬಾಗಿಲು ಕಿರುಗುಟ್ಟುತ್ತದೆಂದು ಬಾಗಿಲನ್ನೇ ಕಿತ್ತುಹಾಕುವ ಗೃಹಸ್ಥರುಂಟೆ?

ಥರ್ಮೋಸ್ಟ್ಯಾಟು ಕೆಡುವುದು ಎರಡು ಬಗೆಯಲ್ಲಿ. ಒಂದು, ತೆರೆದ ಬಾಗಿಲು ಮುಚ್ಚದಿರುವುದು. ದೆಹಲಿಯವರಿಗೆ ಇದು ಡಿಸೆಂಬರಿನಲ್ಲಿ ಬೇಗ ತಿಳಿಯುತ್ತದೆ: ಅರ್ಧ ಗಂಟೆ ಓಡಿಸಿದರೂ ಹೀಟರಿನಿಂದ ಬೆಚ್ಚನೆಯ ಗಾಳಿ ಬಾರದು. ಉಷ್ಣತೆಯ ಮುಳ್ಳಿಲ್ಲದ ಅನೇಕ ಕಾರುಗಳಲ್ಲಿ ತಣ್ಣನೆಯ ಇಂಜಿನಿಗೆಂದು ನೀಲಿ ದೀಪ ಇರುತ್ತದೆ. ಅದು ಬಹಳ ಹೊತ್ತು ಆರದೇ ಉಳಿಯುತ್ತದೆ. ಎರಡನೆಯದು, ಮುಚ್ಚಿದ ಬಾಗಿಲು ತೆರೆಯದಿರುವುದು. ಇದು ಅಪಾಯದ್ದು. ಪುಣೆಯಿಂದ ಹೊರಟ ಕಾರು ತುಂಬಿದ ಸಂಸಾರದೊಡನೆ ಖಂಬಾಟ್ಕಿ ಘಾಟನ್ನು ಏರುತ್ತಿರುವಾಗ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ. ಅದನ್ನು ಲೆಕ್ಕಿಸದೆ ಮುಂದುವರಿದರೆ ಇಂಜಿನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಅದರ ಗ್ಯಾಸ್ಕೆಟು ಹೋಗಬಹುದು. ಸಣ್ಣ ಕಾರಿನ ಥರ್ಮೋಸ್ಟ್ಯಾಟಿಗೆ ಕೆಲವು ನೂರು ರೂಪಾಯಿ ಸಾಕು. ಹೆಡ್ಡಿನ ರಿಪೇರಿಗೆ ಹತ್ತಾರು ಸಾವಿರ ಬೇಕಾದೀತು.

ಮನೆಯಲ್ಲೇ ಗುರುತಿಸುವ ಬಗೆ ಹೀಗೆ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಬಯಲಿನಲ್ಲಿ ನಿಲ್ಲಿಸಿ ಚಾಲೂ ಮಾಡಿ. ಇಂಜಿನಿನಿಂದ ರೇಡಿಯೇಟರಿನ ಮೇಲ್ತುದಿಗೆ ಹೋಗುವ ದಪ್ಪ ರಬ್ಬರಿನ ಹೋಸನ್ನು ಆಗಾಗ ಮುಂಗೈಯಿಂದ ಸೋಕಿ ನೋಡಿ. ಆರೋಗ್ಯವಾದ ಕಾರಿನಲ್ಲಿ ಅದು ಹಲವು ನಿಮಿಷ ತಣ್ಣಗಿದ್ದು, ಆಮೇಲೆ ಬೇಗಬೇಗನೆ ಬಿಸಿಯಾಗುತ್ತದೆ. ಮೊದಲಿನಿಂದಲೇ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತಿದ್ದರೆ ಬಾಗಿಲು ತೆರೆದೇ ಇದೆ. ಮುಳ್ಳು ಮೇಲೇರಿದರೂ ಹೋಸು ತಣ್ಣಗೇ ಇದ್ದರೆ ಬಾಗಿಲು ತೆರೆಯುತ್ತಿಲ್ಲವೆಂದು ಶಂಕಿಸಿ, ಕೂಡಲೇ ಇಂಜಿನನ್ನು ನಿಲ್ಲಿಸಬೇಕು. ಸೀರೆಯ ಸೆರಗು, ದುಪಟ್ಟಾ, ಪಂಚೆಯ ಅಂಚು, ಮಕ್ಕಳ ಬೆರಳು, ಇವು ಫ್ಯಾನಿನಿಂದ ದೂರವಿರಲಿ. ಇಂಜಿನು ನಿಂತ ಮೇಲೂ ಕೆಲವು ಕಾರುಗಳ ಫ್ಯಾನು ತಾನಾಗಿಯೇ ತಿರುಗುವುದುಂಟು.

ಆದರೆ ಪೂರ್ತಿ ವಿಚಾರಿಸದೆ ದ್ವಾರಪಾಲಕನ ಮೇಲೆ ಅಪವಾದ ಹೊರಿಸಬಾರದು. ನೀರು ಕಡಿಮೆಯಾಗಿದ್ದರೂ, ಪಂಪು ಕೆಟ್ಟಿದ್ದರೂ, ಫ್ಯಾನು ತಿರುಗದಿದ್ದರೂ ಇಂಜಿನು ಕಾಯುತ್ತದೆ. ಇವುಗಳಲ್ಲಿ ಸುಲಭವಾದದ್ದು ನೀರಿನ ಮಟ್ಟ. ಮೊದಲು ಅದನ್ನು ನೋಡಿ. ಇಂಜಿನು ತಣ್ಣಗಿರುವಾಗ ಮಾತ್ರ ನೋಡಿ. ನಮ್ಮ ಸೋದರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ: ರೇಡಿಯೇಟರಿನ ಮುಚ್ಚಳವೂ ಪ್ರೆಶರ್ ಕುಕ್ಕರಿನ ಮುಚ್ಚಳವೂ ಒಂದೇ ಜಾತಿಯವು. ಒತ್ತಡದಿಂದಾಗಿ ಒಳಗಿನ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ತಿರುವಿದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಇಂಜಿನು ಕಾಯ್ದಾಗ ಆತುರದಿಂದ ಮುಚ್ಚಳಕ್ಕೆ ಕೈಹಾಕಿ ಮುಖ, ಕೈ ಸುಟ್ಟುಕೊಳ್ಳುವವರುಂಟು. ಕಾದ ಇಂಜಿನಿಗೆ ಮೊದಲ ಔಷಧ ತಾಳ್ಮೆ.

ಈಗ ತೆಗೆಯುವ ಕೆಲಸ. ಮೇಲಿನ ಹೋಸು ಇಂಜಿನಿಗೆ ಸೇರುವೆಡೆಯಲ್ಲಿ ಎರಡು ಮೂರು ಬೋಲ್ಟುಗಳಿಂದ ಬಿಗಿದ ಒಂದು ಮುಚ್ಚಳ ಕಾಣುತ್ತದೆ. ಬಹಳ ಕಾರುಗಳಲ್ಲಿ ಥರ್ಮೋಸ್ಟ್ಯಾಟು ಅದರ ಕೆಳಗೆ ಕುಳಿತಿರುತ್ತದೆ. ಕೆಲವು ಕಾರುಗಳಲ್ಲಿ ಅದು ಕೆಳಗಿನ ಹೋಸಿನ ಕಡೆ ಇರುತ್ತದೆ. ಅಲ್ಲಿ ನಾವು ಹೇಳಿದ ಹೋಸಿನ ಪರೀಕ್ಷೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಕಾರಿನೊಡನೆ ಬಂದ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಇಂಜಿನು ಪೂರ್ತಿ ತಣಿದ ಮೇಲೆ ಮುಚ್ಚಳದ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ಕೂಲಂಟನ್ನು ಶುಭ್ರವಾದ ಬೋಗುಣಿಗೆ ಇಳಿಸಿಕೊಳ್ಳಿ. ಇದನ್ನು ಅಂಗಳದಲ್ಲಿ ಬಿಟ್ಟು ಒಳಗೆ ಹೋಗಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣಕ್ಕೆ ವಿಷ. ಮಗು ನೆಕ್ಕೀತು, ನಾಯಿ ಕುಡಿದೀತು. ಬೋಲ್ಟುಗಳನ್ನು ಸರದಿಯ ಮೇಲೆ ಸಡಿಲಿಸಿ ಥರ್ಮೋಸ್ಟ್ಯಾಟನ್ನು ಎತ್ತಿ. ಎತ್ತುವ ಮೊದಲು ಅದು ಯಾವ ದಿಕ್ಕಿಗೆ ಕುಳಿತಿದೆಯೆಂದು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ವಾದಕ್ಕೆ ಎಡೆಯಿಲ್ಲ.

ಪರೀಕ್ಷೆ ಒಲೆಯ ಮೇಲೆ. ಮತ್ತೆ ಅಡುಗೆಗೆ ಬಳಸದ ಹಳೆಯ ಪಾತ್ರೆಯೇ ಆಗಬೇಕು. ಕಾರಣ ಮೇಲೆ ಹೇಳಿದ ವಿಷ. ನೂರು ಡಿಗ್ರಿ ದಾಟಿ ತೋರಿಸುವ ಅಡುಗೆಯ ಥರ್ಮಾಮೀಟರು ಬೇಕು. ಜ್ವರ ನೋಡುವ ಥರ್ಮಾಮೀಟರು ೪೨ ಡಿಗ್ರಿಗೇ ಮುಗಿಯುತ್ತದೆ, ಬಿಸಿನೀರಿಗೆ ಹಾಕಿದರೆ ಒಡೆದುಹೋಗಬಹುದು. ಥರ್ಮಾಮೀಟರು ಸರಿಯೇ ಎಂದು ಮೊದಲು ಕುದಿಯುವ ನೀರಿನಲ್ಲಿ ನೋಡಿಕೊಳ್ಳಿ. ಸಮುದ್ರತೀರದ ಮುಂಬಯಿ, ಚೆನ್ನೈಗಳಲ್ಲಿ ನೀರು ೧೦೦ರಲ್ಲಿ ಕುದಿಯುತ್ತದೆ. ಪುಣೆಯಲ್ಲಿ ಸುಮಾರು ೯೮, ಬೆಂಗಳೂರಿನ ಎತ್ತರದಲ್ಲಿ ಸುಮಾರು ೯೭. ಇದು ಥರ್ಮಾಮೀಟರಿನ ದೋಷವಲ್ಲ.

ಆಮೇಲೆ ಪಾತ್ರೆಗೆ ತಣ್ಣೀರು ಹಾಕಿ. ಥರ್ಮೋಸ್ಟ್ಯಾಟಿನ ಬಾಗಿಲನ್ನು ತುಸು ಅಗಲಿಸಿ ಗಟ್ಟಿಯಾದ ದಾರದ ತುದಿಯನ್ನು ಅದು ಕಚ್ಚಿ ಹಿಡಿಯುವಂತೆ ಮಾಡಿ, ದಾರದಿಂದಲೇ ನೀರಿನಲ್ಲಿ ತೂಗಬಿಡಿ. ಥರ್ಮೋಸ್ಟ್ಯಾಟೂ ಥರ್ಮಾಮೀಟರೂ ಪಾತ್ರೆಯ ತಳಕ್ಕೆ ತಾಗಬಾರದು. ಸಣ್ಣ ಉರಿಯಲ್ಲಿ, ನೀರನ್ನು ಕಲಕುತ್ತ, ನಿಧಾನವಾಗಿ ಕಾಯಿಸಿ. ಬಾಗಿಲು ತೆರೆದ ಗಳಿಗೆಯಲ್ಲಿ ದಾರ ಕಳಚಿ ಥರ್ಮೋಸ್ಟ್ಯಾಟು ತಳಕ್ಕೆ ಬೀಳುತ್ತದೆ. ಆಗಿನ ಉಷ್ಣತೆ ಅದರ ಮೇಲೆ ಒತ್ತಿದ ಅಂಕೆಗೆ ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಅದು ನಿರಪರಾಧಿ. ಕಾಯಿಸುವುದನ್ನು ಮುಂದುವರಿಸಿದರೆ ಬಾಗಿಲು ಹೆಚ್ಚುಕಡಿಮೆ ಒಂದು ಪೆನ್ಸಿಲಿನ ದಪ್ಪದಷ್ಟು ತೆರೆಯಬೇಕು. ಇಕ್ಕಳದಿಂದ ಹೊರತೆಗೆದು ಆರಲು ಬಿಟ್ಟರೆ ಪೂರ್ತಿ ಮುಚ್ಚಬೇಕು. ತೆರೆಯದಿದ್ದರೆ, ಅರ್ಧ ತೆರೆದು ನಿಂತರೆ, ಆರಿದ ಮೇಲೂ ಸಂದು ಬಿಟ್ಟರೆ, ಬದಲಾಯಿಸಬೇಕು. ಸುತ್ತಿಗೆಯಿಂದ ತಟ್ಟಿ ಸರಿಮಾಡುವ ವಸ್ತು ಇದಲ್ಲ. ಹೊಸದನ್ನೂ ಜೋಡಿಸುವ ಮೊದಲು ಇದೇ ನೀರಿನಲ್ಲಿ ಪರೀಕ್ಷಿಸಿ. ಹತ್ತು ನಿಮಿಷದ ಈ ಕೆಲಸ ಮತ್ತೊಂದು ಸಲ ಎಲ್ಲವನ್ನೂ ಬಿಚ್ಚುವ ಕಷ್ಟವನ್ನು ತಪ್ಪಿಸುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಥರ್ಮೋಸ್ಟ್ಯಾಟೂ ಅದರ ಪ್ಲಾಸ್ಟಿಕ್ ಗೂಡೂ ಒಂದೇ ಆಗಿರುತ್ತವೆ. ಅಲ್ಲಿ ಇಡೀ ಗೂಡನ್ನೇ ಬದಲಿಸಬೇಕು.

ಜೋಡಿಸುವಾಗ ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ನಯವಾಗಿ ಕೆರೆದು ತೆಗೆದು, ಹೊಸ ಗ್ಯಾಸ್ಕೆಟನ್ನೋ ರಬ್ಬರಿನ ಉಂಗುರವನ್ನೋ ಹಾಕಿ. ಮೇಣವಿರುವ ಗುಂಡು ಇಂಜಿನಿನ ಕಡೆಗೆ ಇರಬೇಕು. ಅಂಚಿನಲ್ಲಿ ಗಾಳಿ ಹೋಗಲು ಸಣ್ಣ ರಂಧ್ರವಿದ್ದರೆ ಅದು ಮೇಲಕ್ಕೆ ಬರಬೇಕು. ಬೋಲ್ಟುಗಳನ್ನು ಪೈಲ್ವಾನನ ಹಾಗೆ ಬಿಗಿಯಬಾರದು, ಮುಚ್ಚಳ ಬಿರುಕು ಬಿಟ್ಟೀತು. ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ತುಂಬಿ. ನೀರು ಬೆರೆಸಬೇಕಾದರೆ ಡಿಸ್ಟಿಲ್ಡ್ ನೀರು ಬೆರೆಸಿ. ಬೋರಿನ ಗಡಸು ನೀರು ನಮ್ಮ ಬಿಸಿನೀರಿನ ಪಾತ್ರೆಗಳ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನೇ ಇಂಜಿನಿನೊಳಗೂ ಕಟ್ಟುತ್ತದೆ. ಕೊನೆಯದಾಗಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಬೇಕು. ಅದಕ್ಕೆ ಪುಸ್ತಕದಲ್ಲಿ ಹೇಳಿದ ಕ್ರಮವನ್ನು ಅನುಸರಿಸಿ. ಸಾಮಾನ್ಯವಾಗಿ ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ನಿಧಾನವಾಗಿ ತುಂಬಿ, ಇಂಜಿನನ್ನು ಸ್ವಲ್ಪ ಓಡಿಸಿ, ಅದು ತಣಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬುತ್ತಾರೆ. ಮರುದಿನ ಬೆಳಗ್ಗೆ ಇನ್ನೊಮ್ಮೆ ಮಟ್ಟ ನೋಡಿ, ಎಲ್ಲಿಯೂ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ದೂರದ ಪ್ರಯಾಣಕ್ಕೆ ಹೊರಡಿ.

ವಾರಂಟಿಯಲ್ಲಿರುವ ಕಾರನ್ನೂ, ಥರ್ಮೋಸ್ಟ್ಯಾಟಿಗೆ ವಿದ್ಯುತ್ ತಂತಿ ಜೋಡಿಸಿರುವ ಹೊಸ ಮಾದರಿಗಳನ್ನೂ ಬಿಚ್ಚಲು ಹೋಗಬೇಡಿ, ವರ್ಕ್‌ಶಾಪಿಗೆ ಒಪ್ಪಿಸಿ. ಅಲ್ಲಿಯೂ ಈ ಅರಿವು ವ್ಯರ್ಥವಲ್ಲ. “ಪಿ ೦೧೨೮” ಎಂಬ ದೋಷಸೂಚಿ ಕಂಡಿತೆಂದು ಅವರು ಹೇಳಿದರೆ, ಇಂಜಿನು ಸಾಕಷ್ಟು ಬಿಸಿಯಾಗುತ್ತಿಲ್ಲವೆಂದು ಅದರ ಅರ್ಥ. ತೆರೆದೇ ಉಳಿದ ಬಾಗಿಲನ್ನು ನೀವು ಕೂಡಲೇ ನೆನೆಯಬಹುದು. “ಥರ್ಮೋಸ್ಟ್ಯಾಟನ್ನು ತೆಗೆದುಬಿಡೋಣ” ಎಂದು ಯಾರಾದರೂ ಹೇಳಿದರೆ, “ಬೇಡ, ಹೊಸದು ಹಾಕಿ” ಎಂದು ಧೈರ್ಯವಾಗಿ ಹೇಳಬಹುದು.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಮುಳ್ಳು ಮೇಲೇರಿದರೆ ಏರ್‌ಕಂಡೀಷನ್ ನಿಲ್ಲಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಸುರಕ್ಷಿತವಾದ ಜಾಗ ಸಿಕ್ಕೊಡನೆ ಬದಿಗೆ ನಿಲ್ಲಿಸಿ ಇಂಜಿನನ್ನು ಆರಿಸಿ. ಮಕ್ಕಳನ್ನೂ ಹಿರಿಯರನ್ನೂ ರಸ್ತೆಯಿಂದ ದೂರ, ನೆರಳಿನಲ್ಲಿ ಕೂರಿಸಿ. ಚಕ್ಕುಲಿಯ ಡಬ್ಬವನ್ನು ಬಿಚ್ಚಿ, ರೇಡಿಯೇಟರಿನ ಮುಚ್ಚಳವನ್ನು ಬಿಚ್ಚಬೇಡಿ. ಊರಿನಲ್ಲಿ ಕಾಯುತ್ತಿರುವವರಿಗೆ ನಾವು ಒಂದು ಗಂಟೆ ತಡವಾಗಿ ತಲುಪಿದರೆ ಬೇಸರವಿಲ್ಲ, ಸುಖವಾಗಿ ತಲುಪಿದರೆ ಸಾಕು.