ಪಡಸಾಲೆಯ ತೊಗರಿ ಚೀಲ ಮತ್ತು ಒಂದು ಗುಳಿಗೆ

ಮಾನ್ಯ ಕೃಷಿ ಸಚಿವರೆ,

ಎಳ್ಳಮವಾಸ್ಯೆ ಮುಗಿದರೆ ನಮ್ಮ ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಜೋರು. ಮಾರಿ ಉಳಿದ ಚೀಲಗಳನ್ನು ಪಡಸಾಲೆಯಲ್ಲಿ ಒಟ್ಟುತ್ತೇವೆ. ಮಕ್ಕಳು ಮಲಗುವುದೂ ಅಲ್ಲಿಯೇ. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿದರೆ ಸಿಪ್ಪೆಯ ಮೇಲೆ ಸುಣ್ಣದ ಚುಕ್ಕಿಯಂತೆ ಅಂಟಿರುತ್ತದೆ, ಕಾಳು ಕೊರೆಯುವ ದುಂಬಿಯ ಮೊಟ್ಟೆ. ಹೊಲದಲ್ಲಿ ಕಾಯಿಯ ಮೇಲೆ ಶುರುವಾದ ಕಾಟ ರಾಶಿಯ ಜೊತೆ ಮನೆ ಸೇರುತ್ತದೆ. ತಿಂಗಳೊಪ್ಪತ್ತಿನಲ್ಲಿ ಗುಂಡನೆಯ ತೂತು, ಕೆಳಗೆ ಹಿಟ್ಟು.

ಆಗ ರೈತ ಗುಳಿಗೆಗೆ ಓಡುತ್ತಾನೆ. ಹೋದ ವರ್ಷ ಸಂತೆಯ ಅಂಗಡಿಯೊಂದರಲ್ಲಿ ನಾನು ಕೇಳಿದಾಗ ಬಿಡಿ ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಎಚ್ಚರಿಕೆಯ ಒಂದು ಮಾತೂ ಇಲ್ಲ. ಅಲ್ಯೂಮಿನಿಯಂ ಫಾಸ್ಫೈಡಿನ 3 ಗ್ರಾಂ ಗುಳಿಗೆ ಗಾಳಿಯ ತೇವ ತಾಗಿದರೆ 1 ಗ್ರಾಂ ಫಾಸ್ಫೀನ್ ಬಿಡುತ್ತದೆ. ಆ ವಿಷಕ್ಕೆ ಪ್ರತಿವಿಷವಿಲ್ಲ. ತಜ್ಞರ ಉಸ್ತುವಾರಿಯಲ್ಲಿ ಗೋದಾಮಿಗೆ ಇಡಬೇಕಾದದ್ದು ಮಕ್ಕಳ ಹಾಸಿಗೆಯ ಪಕ್ಕಕ್ಕೆ ಬಂದಿದೆ.

ನಮ್ಮವ್ವ ಒಣಗಿದ ಕಾಳಿಗೆ ಶೇಂಗಾ ಎಣ್ಣೆ ಸವರಿ, ಎರಡೂ ಅಂಗೈಯಲ್ಲಿ ಉಜ್ಜಿ, ಕಾಳು ಮಿರಿಮಿರಿ ಮಿಂಚಿದ ಮೇಲೆಯೇ ಗಡಿಗೆಗೆ ತುಂಬುತ್ತಿದ್ದಳು. ಕಿಲೋಗೆ 5ರಿಂದ 10 ಮಿ.ಲೀ. ಸಾಕು, ಎಣ್ಣೆಯ ಪೊರೆಯಲ್ಲಿ ಮೊಟ್ಟೆ ಉಸಿರುಗಟ್ಟುತ್ತದೆ. ಆದರೆ ಕಾಳಿನೊಳಗೆ ಹೊಕ್ಕ ಮರಿಗೆ ಇದು ಅಷ್ಟಾಗಿ ನಾಟದು. ಆದ್ದರಿಂದ ರಾಶಿಯಾಗಿ ಒಣಗಿಸಿದ ಕೂಡಲೇ ಮಾಡಬೇಕು. ಈ ಮಾತನ್ನು ರೈತರಿಗೆ ಯಾರೂ ಬಿಡಿಸಿ ಹೇಳುತ್ತಿಲ್ಲ.

ಬೇವಿನ ಸೊಪ್ಪು ಹಾಕಿ ನಿಶ್ಚಿಂತೆಯಿಂದ ಇರುವವರೂ ಇದ್ದಾರೆ. ಬೇವಿನ ಸತ್ವ ಹೆಚ್ಚಾಗಿ ಇರುವುದು ಬೀಜದಲ್ಲಿ, ಎಲೆಯಲ್ಲಲ್ಲ. ಬೀಜದ ಪುಡಿ ಕಹಿ ಹಿಡಿಸುವುದರಿಂದ ಬಿತ್ತನೆ ಕಾಳಿಗೆ ಮಾತ್ರ ಸರಿ. ಬಜೆಯೂ ಹಾಗೆಯೇ. ಹಸುಗೂಸಿಗೆ ತೇಯ್ದು ನೆಕ್ಕಿಸುವ ಬೇರು ಎಂಬ ನಂಬಿಕೆಯಿಂದ ಜನ ಉಣ್ಣುವ ಕಾಳಿಗೂ ಬೆರೆಸುತ್ತಾರೆ. ಅದರಲ್ಲಿರುವ ಅಸರೋನ್ ಇಲಿಗಳಲ್ಲಿ ಗಂತಿ ಬೆಳೆಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಗಿಡದ್ದು ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ, ಸಾಹೇಬರೆ.

ನನ್ನ ಬೇಡಿಕೆ ಇಷ್ಟೇ. ಈ ರಾಶಿಗೆ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಬೇವಿನ ಬೀಜದ ಪುಡಿ, ಬಜೆ ಪುಡಿ ಪೊಟ್ಟಣಗಳು ಸಿಗಲಿ. ‘ಬಿತ್ತನೆಗೆ ಮಾತ್ರ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚಾಗಲಿ, ಅಳತೆಯೂ ಇರಲಿ. ಉಣ್ಣುವ ಕಾಳಿಗೆ ಎಣ್ಣೆ ಸವರುವುದನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಊರೂರಿನ ಕಣದಲ್ಲಿ ಹೆಣ್ಣುಮಕ್ಕಳೆದುರು ಮಾಡಿ ತೋರಿಸಲಿ. ಬಿಡಿ ಗುಳಿಗೆ ಮಾರಾಟ ಸಂತೆಯಲ್ಲಿ ನಿಲ್ಲಲಿ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿ ಸೀಮೆಯ ಒಬ್ಬ ತೊಗರಿ ಬೆಳೆಗಾರ