ಮನೆವಾರ್ತೆ: ಕರಿನೀರಿನಾಚೆಗೆ ಬಂದ ಹಿರಿಯರು

ನಮ್ಮ ನಾಡಿನ ಹಳೆಯ ತಲೆಮಾರಿನವರ ಬಾಯಲ್ಲಿ ಅಂದಮಾನಕ್ಕೆ ಕರಿನೀರೆಂದೇ ಹೆಸರು. ಹೋದವನು ತಿರುಗಿ ಬರಲಾರನೆಂಬ ಅರ್ಥವು ಆ ಒಂದು ಶಬ್ದದಲ್ಲಿಯೇ ಅಡಗಿರುವುದು. ಆದುದರಿಂದ ನಮ್ಮ ಯಜಮಾನರಿಗೆ ಪೋರ್ಟ್ ಬ್ಲೇರಿನಲ್ಲಿ ನೌಕರಿಯಾದಾಗ (೨೦೨೪ರಿಂದ ಈ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿರುವರು) ಕೇಶ್ವಾಪುರದಲ್ಲಿದ್ದ ಅತ್ತೆಯವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂದರೆ ವಾಚಕರು ನಗಬಾರದು. ಆರು ವರ್ಷ ಕರೆದರೂ ಬಾರದಿದ್ದ ಅವರೂ ಮಾವನವರೂ ಕಡೆಗೆ ಈ ಸಲದ ಪುಷ್ಯಮಾಸದಲ್ಲಿ, ಚೆನ್ನೈವರೆಗೆ ರೈಲಿನಲ್ಲಿಯೂ ಅಲ್ಲಿಂದ ವಿಮಾನದಲ್ಲಿಯೂ ಪ್ರಯಾಣ ಮಾಡಿ ಬಂದಿಳಿದರು.

ಕರೆದುದರಲ್ಲಿ ನಮ್ಮದೊಂದು ಒಳ ಉದ್ದೇಶವೂ ಇದ್ದಿತು. ಎಪ್ಪತ್ತು ದಾಟಿದ ಇಬ್ಬರೇ ಜೀವಗಳು ಅಷ್ಟು ದೊಡ್ಡ ಮನೆಯಲ್ಲಿ. ರಾತ್ರಿ ಒಬ್ಬರಿಗೆ ಎದೆನೋವು ಬಂದರೆ ಇನ್ನೊಬ್ಬರು ಯಾರ ಬಾಗಿಲು ತಟ್ಟಬೇಕು? ದ್ವೀಪವನ್ನು ಚೆನ್ನಾಗಿ ತೋರಿಸಿದರೆ ಇಲ್ಲಿಯೇ ಇರಲೊಪ್ಪಿಯಾರೆಂಬುದು ನಮ್ಮ ಎಣಿಕೆ. ತೋರಿಸುವ ಕೆಲಸವನ್ನು ಇಬ್ಬರು ಮಕ್ಕಳಿಗೆ ಒಪ್ಪಿಸಿದೆವು. ಇಲ್ಲಿಯ ಬೀದಿಯ ಮಾತು ಹಿಂದಿ. ಮಕ್ಕಳ ಕನ್ನಡವು ಅಡಿಗೆಮನೆಯಿಂದಾಚೆಗೆ ಹೋದುದಲ್ಲ. ಹೀಗಾಗಿ ತೋರಿಸುವವರಿಗೆ ಮಾತು ಸಾಲದು, ನೋಡುವವರಿಗೆ ವಸ್ತುಗಳ ಗುರುತಿಲ್ಲ.

ಮೊದಲಿನ ತೊಡಕು ಸೂರ್ಯನಿಂದಲೇ ಬಂದಿತು. ಭೂಮಿಯ ಮೇಲೆ ಪೂರ್ವಕ್ಕೆ ಒಂದೊಂದು ರೇಖಾಂಶ ಸರಿದಂತೆ ಸೂರ್ಯೋದಯವು ನಾಲ್ಕು ನಾಲ್ಕು ನಿಮಿಷ ಮುಂಚಿತವಾಗುವುದು. ಹುಬ್ಬಳ್ಳಿಯು ೭೫ನೆಯ ರೇಖಾಂಶದ ಮೇಲೆಯೂ ಈ ಊರು ೯೨ನ್ನು ದಾಟಿಯೂ ಇರುವುದರಿಂದ ಹೊತ್ತಿನ ಅಂತರವು ಒಂದು ಗಂಟೆಗಿಂತ ಹೆಚ್ಚು. ಗಡಿಯಾರವು ಮಾತ್ರ ಎರಡೂ ಕಡೆಗೆ ಒಂದೇ. ಸಂಜೆ ಐದೂಕಾಲರ ಸುಮಾರಿಗೆ ಕತ್ತಲೆ ಕವಿಯುವುದನ್ನು ಕಂಡು ಅತ್ತೆಯವರು ಗಡಿಯಾರ ಕೆಟ್ಟಿತೆಂದರು. ದೀಪ ಹಚ್ಚುವುದು ಗಡಿಯಾರವನ್ನು ನೋಡಿಯೋ ಆಕಾಶವನ್ನು ನೋಡಿಯೋ ಎಂಬ ಚರ್ಚೆಯು ಮೂರು ದಿನ ನಡೆದು, ಆಕಾಶವೇ ಗೆದ್ದಿತು.

ಮಾವನವರು ರೈಲ್ವೆ ಕಾರಖಾನೆಯಲ್ಲಿ ದುಡಿದವರು. ಕೇಶ್ವಾಪುರದ ಮನೆಯಲ್ಲಿ ಗಾಡಿಯ ಸೀಟಿಯೇ ಅವರ ಹೊತ್ತಿನ ಅಳತೆ. ಇಡೀ ದ್ವೀಪಸಮೂಹದಲ್ಲಿ ರೈಲೇ ಇಲ್ಲವೆಂದು ಮೊಮ್ಮಗನು ಹೇಳಿದಾಗ ಅವರ ಮುಖವು ಸಣ್ಣದಾಯಿತು. ಅವರಿಗೆ ಮನಸ್ಸು ತುಂಬಿದುದು ಚಾಥಮ್ ದ್ವೀಪದ ಗರಗಸದ ಗಿರಣಿಯಲ್ಲಿ. ೧೮೮೩ರಲ್ಲಿ ಸ್ಥಾಪನೆಯಾದ ಈ ಗಿರಣಿಯಲ್ಲಿ ಪಡೌಕ್ ಎಂಬ ಕೆಂಪು ಮರದ ದಿಮ್ಮಿಗಳನ್ನು ಮುಟ್ಟಿ ಮುಟ್ಟಿ ನೋಡಿದರು.

ಸೆಲ್ಯುಲರ್ ಸೆರೆಮನೆಗೆ ಮಕ್ಕಳನ್ನು ಕರೆದೊಯ್ಯಬಾರದೆಂದು ಅತ್ತೆಯವರ ಹಟ. ಅದನ್ನು ನೋಡಲೆಂದೇ ಬಂದುದಾಗಿ ಮಾವನವರ ಹಟ. ೧೮೯೬ರಲ್ಲಿ ಆರಂಭವಾಗಿ ೧೯೦೬ರಲ್ಲಿ ಮುಗಿದ ಆ ಕಟ್ಟಡಕ್ಕೆ ಮೊದಲು ಏಳು ರೆಕ್ಕೆಗಳಿದ್ದವು. ಈಗ ಉಳಿದಿರುವವು ಮೂರು. ಒಂದು ರೆಕ್ಕೆಯ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿರುವರು. ಒಬ್ಬ ಬಂದಿಯು ಇನ್ನೊಬ್ಬನ ಮುಖವನ್ನು ಕಾಣಲೇಬಾರದು. ಗಾಣದೆದುರು ಮೊಮ್ಮಗಳು ಎತ್ತು ಎಲ್ಲಿ ಎಂದು ಕೇಳಿದಳು. ಇಲ್ಲಿ ಎತ್ತುಗಳಿರಲಿಲ್ಲ, ಮನುಷ್ಯರೇ ನೊಗಕ್ಕೆ ಕಟ್ಟಿಸಿಕೊಂಡು ಎಣ್ಣೆ ತೆಗೆದರೆಂಬುದನ್ನು ಅಜ್ಜನೇ ವಿವರಿಸಬೇಕಾಯಿತು. ಇತಿಹಾಸವನ್ನು ಮಕ್ಕಳಿಂದ ಬಚ್ಚಿಡುವುದು ನನಗೆ ಸರಿತೋರದು. ಆದರೆ ಹೇಳುವವರು ಮನೆಯ ಹಿರಿಯರಾಗಿದ್ದರೆ ಮಗುವು ಅಂಜುವುದಿಲ್ಲ.

ಎದುರಿನ ರಾಸ್ ದ್ವೀಪಕ್ಕೆ (೨೦೧೮ರಿಂದ ಇದು ನೇತಾಜಿ ಸುಭಾಷಚಂದ್ರ ಬೋಸ್ ದ್ವೀಪ) ದೋಣಿಯಲ್ಲಿ ಹೋಗಬೇಕು. ಒಂದು ಕಾಲಕ್ಕೆ ಆಂಗ್ಲ ಅಧಿಕಾರಿಗಳು ವೈಭವದಿಂದ ಇದ್ದ ಮನೆಗಳ ಗೋಡೆಗಳನ್ನು ಈಗ ಮರದ ಬೇರುಗಳು ಹಾವಿನಂತೆ ಸುತ್ತಿರುವವು. ೧೯೪೧ರ ಭೂಕಂಪದ ತರುವಾಯ ಆ ವೈಭವವು ಮರಳಲಿಲ್ಲ. ಅತ್ತೆಯವರು ಅಂಗಳದಲ್ಲಿ ಅಂಜದೆ ಮೇಯುವ ಜಿಂಕೆಗಳನ್ನು ಮೆಚ್ಚಿದರೇ ಹೊರತು ಹಾಳುಮನೆಗಳನ್ನಲ್ಲ. ವೃದ್ಧರನ್ನು ದೋಣಿಗೆ ಹತ್ತಿಸುವವರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡತಕ್ಕದ್ದು: ಸಮುದ್ರವು ಇಳಿದಿರುವಾಗ ದೋಣಿಯು ಕಟ್ಟೆಗಿಂತ ಬಹಳ ಕೆಳಗಿರುವುದು; ಉಬ್ಬರದ ಹೊತ್ತನ್ನು ನೋಡಿ ಹೊರಟರೆ ಮೊಣಕಾಲಿಗೆ ಸುಖ.

ಈ ಉಬ್ಬರವಿಳಿತದ ವಿಷಯದಲ್ಲಿಯೇ ನಮ್ಮ ಮನೆಯಲ್ಲಿ ಗಾಳಿ ತಿರುಗಿತು. ನೀರು ಏಕೆ ಏರುವುದೆಂದು ಮಾವನವರು ಕೇಳಿದುದಕ್ಕೆ ಮಗನು ಚಂದ್ರನ ಸೆಳೆತವೆಂದನು. ಕೂಡಲೆ ಅವರು ಚೀಲದಿಂದ ಪಂಚಾಂಗವನ್ನು ತೆಗೆದರು. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ದಿನದಿನಕ್ಕೂ ಉಬ್ಬರವು ಸುಮಾರು ಎರಡು ಗಳಿಗೆ, ಅಂದರೆ ಐವತ್ತು ನಿಮಿಷದಷ್ಟು, ತಡವಾಗುವುದು. ಸಮುದ್ರವನ್ನು ಕಾಣದೆ ಬಾಳಿದ ಅಜ್ಜನು ವಾರದೊಳಗೆ ನೀರು ಎಷ್ಟು ಹೊತ್ತಿಗೆ ಏರುವುದೆಂದು ಮೊಮ್ಮಕ್ಕಳಿಗೆ ಹೇಳತೊಡಗಿದನು. ತಿಥಿಗಳ ಹೆಸರನ್ನು ಮಕ್ಕಳು ಹೀಗೆಯೇ ಕಲಿತರು. ನಾನು ಎರಡು ವರ್ಷ ಹೇಳಿಕೊಟ್ಟಿದ್ದರೂ ಬಂದಿರಲಿಲ್ಲ.

ಅತ್ತೆಯವರಿಗೆ ಮಾತ್ರ ಇಲ್ಲಿಯ ಹವೆಯು ಹಿಡಿಸಲಿಲ್ಲ. ಊರಿನಿಂದ ತಂದ ಕಡಕ್ ರೊಟ್ಟಿಗಳು ಡಬ್ಬಿ ತೆರೆದ ಮರುದಿನವೇ ಮೆತ್ತಗಾದವು. "ನಿಮ್ಮೂರಾಗ ರೊಟ್ಟಿ ಸತ್ತು ಹೋಗತಾವ," ಎಂದು ನೊಂದುಕೊಂಡರು. ನೀರಿನ ಪ್ರಸ್ತಾಪದಲ್ಲಿ ಮಾತ್ರ ಇಬ್ಬರಿಗೂ ತವರೇ ನೆನಪಾಯಿತು. ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ ಬೇಸಗೆಗೆ ನಳಕ್ಕೆ ಕಾಯಬೇಕೆಂದಾಗ, ಹುಬ್ಬಳ್ಳಿಯಲ್ಲಿ ದಿನಗಟ್ಟಲೆ ನೀರಿನ ದಾರಿ ನೋಡಿ ಪಳಗಿದ ಅತ್ತೆಯವರು ಎದ್ದು ಕೊಡಗಳನ್ನು ಎಣಿಸಿ, ಇನ್ನೂ ಎರಡು ಬೇಕೆಂದು ತೀರ್ಪಿತ್ತರು.

ಮಾಘದ ಕೊನೆಗೆ ನಾವು ಒಳ ಉದ್ದೇಶವನ್ನು ಬಾಯಿಬಿಟ್ಟು ಹೇಳಿದೆವು. ಮಾವನವರು ಬಹಳ ಹೊತ್ತು ಸುಮ್ಮನಿದ್ದು, "ನೀವು ಕರದದ್ದು ಸಂತೋಷ. ಆದ್ರ ಸೀಟಿ ಕೇಳಲಾರದ ಊರಾಗ ನನಗ ನಿದ್ದಿ ಬರೂದಿಲ್ಲ," ಎಂದರು. ಒತ್ತಾಯ ಮಾಡುವುದು ನಮಗೂ ಸರಿತೋರಲಿಲ್ಲ. ಪ್ರತಿವರ್ಷ ಪುಷ್ಯ, ಮಾಘ ಎರಡು ತಿಂಗಳು ಅವರು ಇಲ್ಲಿಗೆ ಬರುವುದು. ಬೇಸಗೆಯ ರಜೆಗೆ ಮಕ್ಕಳು ಕೇಶ್ವಾಪುರಕ್ಕೆ ಹೋಗುವುದು. ಅಲ್ಲಿಯ ಮನೆಯ ಹೊರಗಿನ ಕೋಣೆಯನ್ನು ನಂಬಿಗೆಯ ಒಂದು ಸಂಸಾರಕ್ಕೆ ಬಾಡಿಗೆಯಿಲ್ಲದೆ ಕೊಟ್ಟು ರಾತ್ರಿಯ ಆಸರೆ ಮಾಡಿಕೊಳ್ಳುವುದು, ಹೀಗೆ ಗೊತ್ತಾಯಿತು. ಪಂಚಾಂಗವನ್ನು ಅಜ್ಜನು ಮೊಮ್ಮಗನ ಬಳಿ ಬಿಟ್ಟುಹೋಗಿರುವನು. ಅತ್ತೆಯವರು ರೊಟ್ಟಿಯ ಹಂಚನ್ನು ನನಗೆ ಕೊಟ್ಟು, ಒಲೆಯಿಂದ ಇಳಿಸಿದ ಬಿಸಿರೊಟ್ಟಿಯನ್ನೇ ಉಣ್ಣಿರಿ, ಈ ಹವೆಯಲ್ಲಿ ಕೂಡಿಡಬೇಡಿರೆಂದು ಹೇಳಿ ವಿಮಾನ ಹತ್ತಿದರು.