ಉಸಿರಿನ ಯಂತ್ರಕ್ಕೂ ನುರಿತ ಕೈ ಬೇಕು

ಕಾರ್ಖಾನೆಯ ಬಾಯ್ಲರನ್ನು ಅರ್ಹತಾಪತ್ರವಿಲ್ಲದವರ ಕೈಗೆ ಒಪ್ಪಿಸಬಾರದೆಂಬುದು ಮಲವಗೊಪ್ಪದಿಂದ ಭದ್ರಾವತಿಯವರೆಗಿನ ಉದ್ಯಮಿಗಳೆಲ್ಲ ಬಲ್ಲ ನಿಯಮ. ರೋಗಿಯ ಉಸಿರನ್ನು ನಡೆಸುವ ವೆಂಟಿಲೇಟರಿಗೂ ಅಂತಹುದೇ ನುರಿತ ಕೈ ಬೇಕೆಂಬುದನ್ನು 2020-21ರ ಕೋವಿಡ್ ಕಾಲ ಮನಗಾಣಿಸಿತು.

ಈ ಶಿಕ್ಷಣ ಸುಲಭದ್ದಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಉಸಿರಾಟ ಆರೈಕೆ ತಂತ್ರಜ್ಞಾನದ ಬಿ.ಎಸ್ಸಿ.ಗೆ ಪಿಯುಸಿ ವಿಜ್ಞಾನ ಓದಿರಬೇಕು. ಅಂಗರಚನೆ, ಶರೀರಕ್ರಿಯೆಗಳಿಂದ ಮೊದಲಾಗಿ, ರಕ್ತದಲ್ಲಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡಿನ ಅಳತೆ ನೋಡಿ ಯಂತ್ರವನ್ನು ಹೊಂದಿಸುವವರೆಗೆ ಕಲಿಯಬೇಕು. ಬಳಿಕ ಇಂಟರ್ನ್‌ಷಿಪ್, ಅಲ್ಲಿ ತೀವ್ರ ನಿಗಾ ಘಟಕದ ರಾತ್ರಿ ಪಾಳಿಯೂ ಕಣ್ಣೆದುರಿನ ಸಾವೂ ಪಾಠಗಳೇ.

2021ರ ಕೇಂದ್ರ ಕಾಯಿದೆಯು ಈ ವೃತ್ತಿಯನ್ನು ಹೆಸರಿಸಿ ನೋಂದಣಿಯ ವ್ಯಾಪ್ತಿಗೆ ತಂದಿದೆ. ಆದುದರಿಂದ ಕೆಲವೇ ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುವೆವೆಂಬ ಜಾಹೀರಾತಿಗೆ ಮರುಳಾಗದೆ, ಪೋಷಕರು ಕಾಲೇಜಿನ ಮಾನ್ಯತೆಯನ್ನೂ ತರಬೇತಿ ನೀಡುವ ಆಸ್ಪತ್ರೆಯಲ್ಲಿ ವೆಂಟಿಲೇಟರುಗಳೆಷ್ಟಿವೆ ಎಂಬುದನ್ನೂ ವಿಚಾರಿಸಿಯೇ ಶುಲ್ಕ ಕಟ್ಟುವುದು ಲೇಸು.

ಉದ್ಯಮಿಗಳ ಪಾಲೂ ಇದರಲ್ಲಿದೆ. ಫೌಂಡ್ರಿ ಮರಳಿನ ಸೂಕ್ಷ್ಮ ಧೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗದ ರೋಗ. ಧೂಳನ್ನು ತಡೆಯುವುದು ಮಾಲೀಕರ ಮೊದಲ ಹೊಣೆ. ಅದರೊಡನೆ, ಮಾಚೇನಹಳ್ಳಿಯ ಕೈಗಾರಿಕೆಗಳು ಕೂಡಿ ವರ್ಷಕ್ಕೊಬ್ಬ ಕಾರ್ಮಿಕರ ಮಗನಿಗೋ ಮಗಳಿಗೋ ಈ ಪದವಿಯ ಶುಲ್ಕ ಭರಿಸಿದರೆ, ಜಿಲ್ಲೆಯ ಆಸ್ಪತ್ರೆಗಳಿಗೆ ನುರಿತ ಕೈಗಳು ಜಿಲ್ಲೆಯಲ್ಲೇ ದೊರೆತಾವು.